ಸಮಾಜವನ್ನು ಎಣಿಸಿ ನೋಡಿದಾಗ



ನಮ್ಮ ಧರ್ಮಕೇಂದ್ರದಲ್ಲಿ ಯಾರೋ ಒಬ್ಬರು ಆತ್ಮಹತ್ಯೆ ಮಾಡಿಕೊಂಡರೆಂಬ ಸುದ್ದಿ ಬಂದಾಗ ನಾವು ಮೊದಲು ಕೇಳುವ ಪ್ರಶ್ನೆ ಯಾವುದು? "ಪಾಪ, ಅವರಿಗೆ ಏನು ಕಷ್ಟವಿತ್ತೋ?" ಸಾಲವೋ, ಕುಡಿತವೋ, ಮನೆಯ ಜಗಳವೋ ಎಂದು ಆ ಒಬ್ಬ ವ್ಯಕ್ತಿಯ ಬಾಳಿನಲ್ಲೇ ಕಾರಣ ಹುಡುಕುತ್ತೇವೆ. ಆ ಪ್ರಶ್ನೆ ತಪ್ಪಲ್ಲ. ಆದರೆ ಸುಮಾರು 130 ವರ್ಷಗಳ ಹಿಂದೆ ಫ್ರಾನ್ಸಿನ ವಿದ್ವಾಂಸನೊಬ್ಬ ಇನ್ನೊಂದು ಪ್ರಶ್ನೆಯನ್ನೂ ಕೇಳಿದ: ಆ ವ್ಯಕ್ತಿಯನ್ನು ಹಿಡಿದಿಡಬೇಕಾಗಿದ್ದ ನಂಟುಗಳು ಎಲ್ಲಿ ಸಡಿಲವಾದವು? ಈ ಪ್ರಶ್ನೆಯಿಂದ ಸಮಾಜಶಾಸ್ತ್ರ ಬಹಳ ದೂರ ಸಾಗಿತು. ಅವನ ಉತ್ತರದಲ್ಲಿ ಕಥೋಲಿಕರಾದ ನಮ್ಮ ಪ್ರಸ್ತಾಪವೂ ಇದೆ.

ಹೊಸದೊಂದು ಶಾಸ್ತ್ರ

'ಸಮಾಜಶಾಸ್ತ್ರ' ಎಂಬ ಹೆಸರನ್ನು 1830ರ ದಶಕದಲ್ಲಿ ಬಳಕೆಗೆ ತಂದವನು ಫ್ರಾನ್ಸಿನ ಆಗಸ್ಟ್ ಕಾಂಟ್. ಆ ಹೆಸರಿಗೆ ತಕ್ಕ ಅಧ್ಯಯನ ಕ್ರಮವನ್ನು ರೂಪಿಸಿದವರಲ್ಲಿ ಪ್ರಮುಖನು ಎಮಿಲ್ ಡರ್ಖೈಮ್. ಇವನು 1858ರಲ್ಲಿ ಎಪಿನಾಲ್ ಎಂಬ ಊರಿನಲ್ಲಿ ಯೆಹೂದ್ಯ ಧರ್ಮಗುರುವಿನ ಮಗನಾಗಿ ಹುಟ್ಟಿದ. ಸಮಾಜದ ಸಂಗತಿಗಳನ್ನು ಕಲ್ಲು, ಮರಗಳಂತೆ ನಮ್ಮ ಹೊರಗಿರುವ ವಸ್ತುಗಳೆಂದು ಭಾವಿಸಿ ಪರಿಶೀಲಿಸಬೇಕು ಎಂಬುದು 1895ರಲ್ಲಿ ಅವನು ಬರೆದ ನಿಯಮ. ಇದನ್ನು ತಿಳಿಯಲು ದೂರ ಹೋಗಬೇಕಿಲ್ಲ. ನಾವಾಡುವ ಭಾಷೆ, ಕೊಡುವ ಹಣ, ಹೇಳುವ ಜಪ ಇವೆಲ್ಲ ನಾವು ಹುಟ್ಟುವ ಮೊದಲೇ ಇದ್ದವು. ನಾವು ಹೋದ ಮೇಲೂ ಇರುತ್ತವೆ. ನಾವು ಅವುಗಳನ್ನು ಮಾಡಲಿಲ್ಲ. ಬಹುಮಟ್ಟಿಗೆ ಅವೇ ನಮ್ಮನ್ನು ರೂಪಿಸಿದವು.

26,000 ಕಡತಗಳು

ಈ ನಿಯಮವನ್ನು ಪರೀಕ್ಷಿಸಲು ಡರ್ಖೈಮ್ ಆರಿಸಿಕೊಂಡದ್ದು ಎಲ್ಲಕ್ಕಿಂತ ಖಾಸಗಿಯಾಗಿ ಕಾಣುವ ಒಂದು ವಿಷಯವನ್ನು. 1897ರಲ್ಲಿ ಪ್ರಕಟವಾದ ಅವನ ಗ್ರಂಥದ ಹೆಸರೇ 'ಆತ್ಮಹತ್ಯೆ'. ಇದಕ್ಕಾಗಿ ಸುಮಾರು 26,000 ಸಾವುಗಳ ಸರ್ಕಾರಿ ಕಡತಗಳನ್ನು ಪರಿಶೀಲಿಸಿ ವಯಸ್ಸು, ಮದುವೆ, ಮಕ್ಕಳು ಮುಂತಾದ ವಿವರಗಳನ್ನು ವಿಂಗಡಿಸಲಾಯಿತು. ಈ ಕೆಲಸದಲ್ಲಿ ಅವನ ಸೋದರಳಿಯ ಮಾರ್ಸೆಲ್ ಮೋಸ್ ನೆರವಾದ.

ಒಂದು ದೇಶದಲ್ಲಿ ವರ್ಷ ವರ್ಷವೂ ಸಾಯುವವರು ಬೇರೆ ಬೇರೆ ಜನ. ಆದರೂ ಅಂಥ ಸಾವಿನ ಪ್ರಮಾಣ ಹೆಚ್ಚು ಬದಲಾಗುತ್ತಿರಲಿಲ್ಲ. ಕಾರಣಗಳೆಲ್ಲ ಕೇವಲ ವೈಯಕ್ತಿಕವಾಗಿದ್ದರೆ ಹೀಗಾಗುವುದು ಹೇಗೆ? ಡರ್ಖೈಮ್ ಒಂದೊಂದೇ ಉತ್ತರವನ್ನು ಪರೀಕ್ಷಿಸಿ ಬದಿಗಿಟ್ಟ. ಚಳಿ, ಮಬ್ಬು ಹವೆ ಕಾರಣವೆನ್ನೋಣವೇ? ಹಾಗಿದ್ದರೆ ಚಳಿಗಾಲದಲ್ಲಿ ಹೆಚ್ಚು ಸಾವುಗಳಾಗಬೇಕಿತ್ತು. ಅಂಕಿಗಳ ಪ್ರಕಾರ ಹೆಚ್ಚಾದದ್ದು ಬೇಸಿಗೆಯ ಹೊತ್ತಿಗೆ.

ಆಮೇಲೆ ಧರ್ಮದ ಕಡೆ ನೋಡಿದ. ಪ್ರತಿ ಹತ್ತು ಲಕ್ಷ ಜನರಿಗೆ ಪ್ರೊಟೆಸ್ಟಂಟ್ ನಾಡುಗಳಲ್ಲಿ ಸರಾಸರಿ 190, ಕಥೋಲಿಕ ನಾಡುಗಳಲ್ಲಿ 58 ಆತ್ಮಹತ್ಯೆಗಳು ಅವನ ಲೆಕ್ಕದಲ್ಲಿ ಕಂಡವು. ಆದರೆ ಎರಡೂ ಸಭೆಗಳು ಆತ್ಮಹತ್ಯೆಯನ್ನು ಪಾಪವೆಂದೇ ಬೋಧಿಸುತ್ತಿದ್ದವು. ಹಾಗಾದರೆ ವ್ಯತ್ಯಾಸ ಬೋಧನೆಯಲ್ಲಿಲ್ಲ, ಕೂಡಿ ಬಾಳುವ ರೀತಿಯಲ್ಲಿದೆ ಎಂದ ಡರ್ಖೈಮ್. ಒಟ್ಟಾಗಿ ಆಚರಿಸುವ ವಿಧಿಗಳು ಎಲ್ಲಿ ಹೆಚ್ಚೋ ಅಲ್ಲಿ ಮನುಷ್ಯ ಒಂಟಿಯಾಗುವುದು ಕಡಿಮೆ ಎಂಬುದು ಅವನ ವಾದ. ಕುಟುಂಬದ ವಿಷಯದಲ್ಲೂ ಹೀಗೆಯೇ: ಮಕ್ಕಳಿದ್ದ ಗೃಹಸ್ಥರಲ್ಲಿ ಈ ಸಾವುಗಳು ಮಕ್ಕಳಿಲ್ಲದವರಿಗಿಂತ ಕಡಿಮೆಯಾಗಿದ್ದವು.

ಲೆಕ್ಕದಲ್ಲಿ ಒಂದು ಬಿರುಕು

ಇದನ್ನು ಓದಿ ನಮಗೆ ಹೆಮ್ಮೆಯಾಗಬಹುದು. ಸ್ವಲ್ಪ ತಾಳಿರಿ. ಡರ್ಖೈಮ್‌ನ ಪರಂಪರೆಗೇ ಸೇರಿದ ಮಾರಿಸ್ ಹಾಲ್ಬ್‌ವಾಕ್ಸ್ 1930ರಲ್ಲಿ ಒಂದು ಸಂದೇಹ ಎತ್ತಿದ. ಕಥೋಲಿಕರಲ್ಲಿ ಹಳ್ಳಿಗರೇ ಹೆಚ್ಚು. ಅವರನ್ನು ಕಾಯ್ದದ್ದು ಧರ್ಮವೋ, ಹಳ್ಳಿಯ ಬಾಳೋ? ಮುಂದೆ 1967ರಲ್ಲಿ ಅಮೆರಿಕದ ಜ್ಯಾಕ್ ಡಗ್ಲಸ್ ಇನ್ನೂ ಮೂಲಕ್ಕೆ ಹೋದರು. ಸಾವಿನ ಕಾರಣವನ್ನು ಬರೆಯುವವರೂ ಮನುಷ್ಯರೇ ಅಲ್ಲವೇ ಎಂದರು.

ಈ ಪ್ರಶ್ನೆಗೆ ನೆದರ್ಲೆಂಡ್ಸಿನ ದಾಖಲೆಗಳಲ್ಲಿ ಉತ್ತರ ಸಿಕ್ಕಿತು. 1905ರಿಂದ 1910ರವರೆಗಿನ ಸಾವುಗಳನ್ನು ವಾನ್ ಪೊಪ್ಪೆಲ್ ಮತ್ತು ಡೇ ಎಂಬ ಇಬ್ಬರು ಸಂಶೋಧಕರು ಮತ್ತೆ ಪರಿಶೀಲಿಸಿ 1996ರಲ್ಲಿ ಫಲಿತಾಂಶ ಪ್ರಕಟಿಸಿದರು. ಕಥೋಲಿಕರಲ್ಲಿ ಆತ್ಮಹತ್ಯೆ ಎಂದು ಬರೆದದ್ದು ಕಡಿಮೆ, ನಿಜ. ಆದರೆ 'ಹಠಾತ್ ಮರಣ', 'ಕಾರಣ ಸ್ಪಷ್ಟವಿಲ್ಲ' ಎಂದು ಬರೆದದ್ದು ಹೆಚ್ಚು! ಎರಡನ್ನೂ ಕೂಡಿಸಿ ನೋಡಿದರೆ ಎರಡು ಸಭೆಗಳ ನಡುವಿನ ಅಂತರಕ್ಕೆ ಇದೇ ಸಾಕಷ್ಟು ವಿವರಣೆಯಾಗುತ್ತಿತ್ತು.

ಹೀಗೇಕೆ ಬರೆದಿರಬಹುದು ಎಂಬುದನ್ನು ಊಹಿಸುವುದು ನಮಗೆ ಕಷ್ಟವಲ್ಲ. ಆ ಕಾಲದಲ್ಲಿ ಬುದ್ಧಿಪೂರ್ವಕವಾಗಿ ಪ್ರಾಣ ಕಳೆದುಕೊಂಡವರಿಗೆ ಧರ್ಮಸಭೆಯ ಅಂತ್ಯಕ್ರಿಯೆ ಇರಲಿಲ್ಲ. 1917ರ ಧರ್ಮಸಭೆಯ ಕಾನೂನು ಸಂಹಿತೆಯಲ್ಲೂ ಆ ನಿಯಮವಿತ್ತು. ಅಂಥ ಮನೆಯ ತಾಯಿಯೊಬ್ಬಳು ವೈದ್ಯರಲ್ಲಿ ಏನೆಂದು ಬೇಡಿಕೊಂಡಾಳು? ನಂಟುಗಳು ಮನುಷ್ಯನನ್ನು ಕಾಯುತ್ತವೆ ಎಂಬ ಡರ್ಖೈಮ್‌ನ ಮೂಲ ವಿಚಾರವನ್ನು ನಂತರದ ಅನೇಕ ಅಧ್ಯಯನಗಳು ಬೆಂಬಲಿಸಿವೆ. ಆದರೆ ಅವನು ನಂಬಿದ ಅಂಕಿಗಳಲ್ಲಿ ಜನರ ನಾಚಿಕೆಯೂ ಭಯವೂ ಸೇರಿಕೊಂಡಿದ್ದವು.

ಜೊತೆಯಲ್ಲಿ ವಾಸಿಸಿ ತಿಳಿಯುವುದು

ಆದ್ದರಿಂದಲೇ ಸಮಾಜಶಾಸ್ತ್ರಜ್ಞರು ಕಡತಗಳನ್ನಷ್ಟೇ ನೆಚ್ಚಿಕೊಳ್ಳುವುದಿಲ್ಲ. ಜನರ ನಡುವೆ ಹೋಗಿ ಇರುತ್ತಾರೆ. ಇದಕ್ಕೆ ನಮ್ಮ ನಾಡಿನಲ್ಲೇ ಉತ್ತಮ ಉದಾಹರಣೆಯಿದೆ. ಮೈಸೂರಿನಲ್ಲಿ ಹುಟ್ಟಿದ ಎಂ.ಎನ್. ಶ್ರೀನಿವಾಸ್ ಅವರಿಗೆ ಆಕ್ಸ್‌ಫರ್ಡ್‌ನಲ್ಲಿ ಗುರುವಾಗಿದ್ದವರು ಡರ್ಖೈಮ್‌ನಿಂದ ಬಹಳ ಪ್ರಭಾವಿತರಾದ ರ‍್ಯಾಡ್‌ಕ್ಲಿಫ್-ಬ್ರೌನ್. 1948ರಲ್ಲಿ ಶ್ರೀನಿವಾಸ್ ಮೈಸೂರಿನ ಬಳಿಯ ಕೊಡಗಹಳ್ಳಿಯಲ್ಲಿ ವಾಸಮಾಡಿ ಅಲ್ಲಿನ ಬದುಕನ್ನು ಬರೆದಿಟ್ಟರು. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿದ್ದಾಗ ನಡೆದ ಬೆಂಕಿ ಅನಾಹುತದಲ್ಲಿ, ಅವರು ವರ್ಷಗಟ್ಟಲೆ ಸಿದ್ಧಪಡಿಸಿದ್ದ ಟಿಪ್ಪಣಿಗಳ ಮೂರೂ ಪ್ರತಿಗಳು ಸುಟ್ಟುಹೋದವು. ಬಹುಪಾಲು ನೆನಪಿನಿಂದಲೇ ಬರೆದ 'ದಿ ರಿಮೆಂಬರ್ಡ್ ವಿಲೇಜ್' 1976ರಲ್ಲಿ ಹೊರಬಂದಿತು. ಜನರೊಡನೆ ಬಾಳಿ ತಿಳಿದದ್ದು ಅಷ್ಟು ಸುಲಭವಾಗಿ ಸುಟ್ಟುಹೋಗುವುದಿಲ್ಲ. ಎಷ್ಟು ಮಂದಿ ಎಂಬುದು ಎಣಿಕೆಯಿಂದ ತಿಳಿಯುತ್ತದೆ. ಹೇಗೆ ಬಾಳುತ್ತಾರೆ ಎಂಬುದು ಒಡನಾಟದಿಂದ ತಿಳಿಯುತ್ತದೆ. ಎರಡೂ ಬೇಕು.

ನಮಗೆ ಪಾಠ

ಇಂದು ಧರ್ಮಸಭೆಯ ನಿಲುವಿನಲ್ಲಿ ಅನುಕಂಪ ಹೆಚ್ಚಿದೆ. 1983ರ ಸಂಹಿತೆಯಲ್ಲಿ ಆ ಹಳೆಯ ನಿಷೇಧವಿಲ್ಲ. ತೀವ್ರವಾದ ಮಾನಸಿಕ ವೇದನೆಯು ವ್ಯಕ್ತಿಯ ಹೊಣೆಯನ್ನು ಕಡಿಮೆ ಮಾಡಬಹುದೆಂದೂ, ಅಂಥವರ ನಿತ್ಯ ರಕ್ಷಣೆಯ ಬಗ್ಗೆ ನಿರಾಶರಾಗಬಾರದೆಂದೂ 1992ರ ಧರ್ಮೋಪದೇಶ ಗ್ರಂಥ ಹೇಳುತ್ತದೆ. ನಮ್ಮ ದೇಶದ 2017ರ ಮಾನಸಿಕ ಆರೋಗ್ಯ ಕಾಯಿದೆಯೂ ಆತ್ಮಹತ್ಯೆಗೆ ಯತ್ನಿಸಿದವರನ್ನು ಅಪರಾಧಿಗಳಂತಲ್ಲ, ತೀವ್ರ ಒತ್ತಡಕ್ಕೆ ಸಿಲುಕಿದವರೆಂದು ಕಾಣುತ್ತದೆ. ಕಾನೂನು ಬದಲಾಗಿದೆ. ನಮ್ಮ ಬೀದಿಯ ಪಿಸುಮಾತು ಬದಲಾಗಿದೆಯೇ?

ಪೂಜೆಗೆ ಬರುವವರ ತಲೆಯನ್ನು ನಾವು ಸುಲಭವಾಗಿ ಎಣಿಸಬಹುದು. ಪೂಜೆ ಮುಗಿದ ಮೇಲೆ ಯಾರೊಂದಿಗೂ ಮಾತಾಡದೆ ಮನೆಗೆ ಹೋದವರು ಯಾರು ಎಂಬುದು ಯಾವ ದಾಖಲೆಯಲ್ಲೂ ಇರುವುದಿಲ್ಲ. ಪಕ್ಕದಲ್ಲಿ ಕುಳಿತವರು ಗಮನಿಸಿದರೆ ಮಾತ್ರ ಅದು ತಿಳಿಯುತ್ತದೆ.

ಮನೆಯಲ್ಲಿ ಚರ್ಚಿಸಲು:

1. ಕಳೆದ ಒಂದು ತಿಂಗಳಲ್ಲಿ ನಮ್ಮ ವಾರ್ಡಿನಲ್ಲಿ ಯಾರು ಕೂಟಗಳಿಂದ ದೂರ ಸರಿದಿದ್ದಾರೆ? ಅವರ ಮನೆಗೆ ನಮ್ಮಲ್ಲಿ ಯಾರು ಹೋಗಬಹುದು?

2. ಇಂಥ ದುಃಖಕ್ಕೆ ಒಳಗಾದ ಕುಟುಂಬ ನಮ್ಮ ಎದುರು ನಿಜ ಹೇಳಲು ಅಂಜುತ್ತಿದ್ದರೆ, ಆ ಅಂಜಿಕೆಗೆ ನಮ್ಮ ಯಾವ ಮಾತು ಕಾರಣ?

3. ನಮ್ಮ ಮನೆಯಲ್ಲೇ ಯಾರಾದರೂ "ನನಗೆ ಬದುಕು ಸಾಕಾಗಿದೆ" ಎಂದರೆ ಗದರಿಸದೆ ಕೇಳಲು ನಾವು ಸಿದ್ಧರಿದ್ದೇವೆಯೇ? ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆಮಾಡಬಹುದು. ಈ ಸಂಖ್ಯೆಯನ್ನು ಮನೆಯವರೆಲ್ಲರಿಗೂ ಕಾಣುವಂತೆ ಬರೆದಿಡಿ.