ಪಿಕಪ್ ಎತ್ತರಿಸುವ ಮುನ್ನ: ಕಮಾನು, ಟಯರು ಮತ್ತು ತೋಟದ ರಸ್ತೆ

ಮಳೆಗಾಲ ಕಳೆದ ಕೂಡಲೇ ನಮ್ಮ ಸಂಘದ ಕಚೇರಿಗೆ ಬರುವ ಸದಸ್ಯರಲ್ಲಿ ಹಲವರು ಈಚೆಗೆ ಒಂದೇ ಪ್ರಶ್ನೆ ಕೇಳುತ್ತಾರೆ: "ಪಿಕಪ್‌ಗೆ ಲಿಫ್ಟ್ ಹಾಕಿಸಿ ದೊಡ್ಡ ಟಯರು ಕೂರಿಸಬೇಕೆಂದಿದ್ದೇವೆ. ಎಷ್ಟು ಇಂಚು ಎತ್ತರಿಸಿದರೆ ಸರಿ?" ಪ್ರಶ್ನೆ ನ್ಯಾಯವಾದದ್ದೇ. ಜುಲೈ ತಿಂಗಳ ಕೆಸರಿನಲ್ಲಿ ಮೈಲುತುತ್ತ, ಸುಣ್ಣ ಹೊತ್ತ ಗಾಡಿ ಹೂತು ನಿಂತರೆ ಕೊಳೆರೋಗ ನಮಗಾಗಿ ಕಾಯುವುದಿಲ್ಲ. ಆದರೆ ಎಷ್ಟು ಇಂಚು ಎಂದು ಕೇಳುವುದಕ್ಕೆ ಮೊದಲು ಗಾಡಿ ನಿಂತದ್ದು ಏಕೆ ಎಂದು ಕೇಳಿಕೊಳ್ಳಬೇಕು. ಹೊಟ್ಟೆ ತಗುಲಿ ನಿಂತಿತೋ, ಗಾಲಿ ಜಾರಿ ನಿಂತಿತೋ? ಇವೆರಡೂ ಬೇರೆ ಬೇರೆ ಕಾಯಿಲೆ, ಔಷಧಿಯೂ ಬೇರೆ.

ನಮ್ಮದೇ ಒಂದು ಅನುಭವ

ಈ ಪಾಠವನ್ನು ನಾವು ಪುಸ್ತಕದಿಂದ ಕಲಿತದ್ದಲ್ಲ. ಕೆಲವು ವರ್ಷಗಳ ಹಿಂದೆ ನಮ್ಮ ಪಿಕಪ್‌ಗೆ ಹಿಂದೆ ಆಕ್ಸಲಿಗೂ ಕಮಾನಿಗೂ ನಡುವೆ ಎರಡೂವರೆ ಇಂಚಿನ ಕಬ್ಬಿಣದ ಬ್ಲಾಕ್, ಮುಂದೆ ಸ್ಪ್ರಿಂಗಿನ ಮೇಲೆ ಸ್ಪೇಸರ್ ಹಾಕಿಸಿ, 31 ಇಂಚಿನ ಟಯರು ಕೂರಿಸಿದೆವು. ಎಲ್ಲ ಸೇರಿ ಗಾಡಿ 4 ಇಂಚಿನಷ್ಟು ಎದ್ದು ನಿಂತಿತು. ಆ ಮಳೆಗಾಲ ಎಲ್ಲಿಯೂ ಹೊಟ್ಟೆ ತಗುಲಲಿಲ್ಲ. ನಾವು ಬೀಗಿದೆವು.

ರೋಬಸ್ಟಾ ಕುಯ್ಲಿನ ಸಮಯಕ್ಕೆ ಸಂಗತಿ ಬೇರೆಯಾಯಿತು. ಹಣ್ಣಿನ ಚೀಲಗಳನ್ನು ಎತ್ತರಕ್ಕೆ ಪೇರಿಸಿ, ಅದರ ಮೇಲೆ ನಾಲ್ವರು ಕೆಲಸದವರನ್ನು ಕೂರಿಸಿಕೊಂಡು ಕೆರೆಯ ಕೆಳಗಿನ ತಿರುವಿನಲ್ಲಿ ಬರುತ್ತಿದ್ದಾಗ ಎಡಗಾಲಿ ನೀರು ಕೊರೆದ ಚರಂಡಿಗೆ ಇಳಿಯಿತು. ಬಲಗಡೆಯ ಗಾಲಿಗಳು ನೆಲ ಬಿಟ್ಟವು. ಗಾಡಿ ಒಂದು ಸಿಲ್ವರ್ ಓಕ್ ಮರಕ್ಕೆ ಒರಗಿ ನಿಂತಿತು. ಹಾರಿಕೊಂಡ ಹೆಣ್ಣುಮಗಳೊಬ್ಬಳ ಮಣಿಕಟ್ಟು ಮುರಿಯಿತು. ಮರವಿಲ್ಲದಿದ್ದರೆ ಕೆಳಗೆ ಇಪ್ಪತ್ತು ಅಡಿ ಕೊರಕಲು. ಅದೇ ಚರಂಡಿಗೆ ಅದೇ ಗಾಡಿ ಎತ್ತರಿಸುವ ಮೊದಲು ಎಷ್ಟೋ ಸಲ ಇಳಿದು ಎದ್ದಿತ್ತು. ತಪ್ಪು ಪೂರ್ತಿ ನಮ್ಮದೇ. ಸರಕಿನ ಗಾಡಿಯಲ್ಲಿ ಜನರನ್ನು ಕೂರಿಸಿದ್ದು ಒಂದು ತಪ್ಪು, ಲೆಕ್ಕ ಹಾಕದೆ ಎತ್ತರಿಸಿದ್ದು ಇನ್ನೊಂದು. ಆ ಲೆಕ್ಕವನ್ನು ಈಗ ಸದಸ್ಯರ ಮುಂದಿಡುತ್ತೇವೆ.

ಎತ್ತರ ಎಲ್ಲಿ ಹೆಚ್ಚುತ್ತದೆ?

ಕಮಾನು ಎತ್ತರಿಸಿದರೆ ಮೇಲೇಳುವುದು ಛಾಸಿ, ಬಾಡಿ ಮತ್ತು ಅದರ ಮೇಲಿನ ಹೊರೆ. ಹಿಂದಿನ ಆಕ್ಸಲ್ ಇದ್ದಲ್ಲೇ ಇರುತ್ತದೆ. ನಮ್ಮ ಪಿಕಪ್‌ಗಳಲ್ಲಿ ಸಾಮಾನ್ಯವಾಗಿ ನೆಲಕ್ಕೆ ಅತಿ ಹತ್ತಿರವಿರುವುದು ಆ ಆಕ್ಸಲಿನ ನಡುವೆ ಡಿಫರೆನ್ಷಿಯಲ್ ಕುಳಿತಿರುವ ಗುಂಡನೆಯ ಭಾಗ. ಗಾಲಿಜಾಡಿನ ನಡುವಣ ದಿಣ್ಣೆಗೆ ತಗುಲುವುದು ಅದೇ. ಎಷ್ಟು ಇಂಚು ಲಿಫ್ಟ್ ಹಾಕಿದರೂ ಅದು ಒಂದು ಕೂದಲೆಳೆಯಷ್ಟೂ ಮೇಲೇಳುವುದಿಲ್ಲ. ಅದನ್ನು ಎತ್ತುವುದು ದೊಡ್ಡ ಟಯರು ಮಾತ್ರ, ಅದೂ ಟಯರಿನ ವ್ಯಾಸ ಹೆಚ್ಚಿದ್ದರಲ್ಲಿ ಅರ್ಧದಷ್ಟು.

ಹೊರೆ ಮೇಲೆದ್ದಷ್ಟೂ ಗಾಡಿ ಮಗುಚುವುದು ಸುಲಭ. ಎಡಗಾಲಿಗೂ ಬಲಗಾಲಿಗೂ ನಡುವೆ 1400 ಮಿ.ಮೀ. ಅಂತರವಿದ್ದು, ಹೊರೆ ತುಂಬಿದ ಗಾಡಿಯ ಭಾರದ ಕೇಂದ್ರ ನೆಲದಿಂದ 1000 ಮಿ.ಮೀ. ಮೇಲಿದೆ ಎಂದುಕೊಳ್ಳೋಣ. ಅಂಥ ಗಾಡಿ ನಿಂತಲ್ಲೇ ಸುಮಾರು 35 ಡಿಗ್ರಿ ವಾಲಿದರೆ ಮಗುಚುತ್ತದೆ. ಕೇಂದ್ರ ಇನ್ನೂ 100 ಮಿ.ಮೀ. ಮೇಲೇರಿದರೆ 32 ಡಿಗ್ರಿ ದಾಟುತ್ತಲೇ ಮಗುಚುತ್ತದೆ. ವ್ಯತ್ಯಾಸ ಸಣ್ಣದೆಂದು ಕಾಣಬಹುದು. ಆದರೆ ತಿರುವಿನ ಎಳೆತ, ಒಂದು ಕಡೆಯ ಕಮಾನು ಕುಸಿಯುವುದು, ಅರ್ಧ ತುಂಬಿದ ಬೋರ್ಡೋ ದ್ರಾವಣದ ಡ್ರಮ್ಮು ತುಳುಕುವುದು, ಇವೆಲ್ಲ ಆ ಅಂಚಿನಿಂದಲೇ ಕಡಿದುಕೊಳ್ಳುತ್ತವೆ. ನಮ್ಮನ್ನು ಮರಕ್ಕೆ ಒರಗಿಸಿದ್ದು ಆ ಎರಡು ಮೂರು ಡಿಗ್ರಿಗಳೇ.

ಟಯರಿನ ಲೆಕ್ಕ

ಟಯರಿನ ಪಕ್ಕದಲ್ಲಿ 215/75 ಆರ್ 15 ಎಂದಿದ್ದರೆ ಅಗಲ 215 ಮಿ.ಮೀ., ಪಕ್ಕದ ಎತ್ತರ ಅಗಲದ ಶೇಕಡ 75, ರಿಮ್ಮಿನ ವ್ಯಾಸ 15 ಇಂಚು. ಒಟ್ಟು ವ್ಯಾಸ ಸುಮಾರು 703 ಮಿ.ಮೀ. ಆಗುತ್ತದೆ. 235/75 ಆರ್ 15 ಹಾಕಿದರೆ 733 ಮಿ.ಮೀ., ಅಂದರೆ ಆಕ್ಸಲ್ 15 ಮಿ.ಮೀ. ಏರುತ್ತದೆ. ನಾವು ಹಾಕಿದ 31 ಇಂಚಿನದು 787 ಮಿ.ಮೀ. ಅದರಿಂದ ದೊರೆತ ಏರಿಕೆ 42 ಮಿ.ಮೀ.

ಇದಕ್ಕೆ ತೆತ್ತ ಬೆಲೆ ನೋಡಿ. ಗಾಲಿ ದೊಡ್ಡದಾದಷ್ಟೂ ನೆಲದ ಮೇಲಿನ ಎಳೆತ ಕಡಿಮೆಯಾಗುತ್ತದೆ. ಈ ಉದಾಹರಣೆಯಲ್ಲಿ ಪ್ರತಿ ಗೇರಿನಲ್ಲೂ ಹತ್ತರಲ್ಲಿ ಒಂದು ಪಾಲಿಗಿಂತ ತುಸು ಹೆಚ್ಚೇ ಹೋಯಿತು. ಹೊರೆ ಹೊತ್ತು ಒಂದನೇ ಗೇರಿನಲ್ಲಿ ಏರು ಹತ್ತುವಾಗ ಅರ್ಧ ಕ್ಲಚ್ಚಿನಲ್ಲಿ ಎಳೆಯಬೇಕಾಯಿತು, ಕ್ಲಚ್ ಪ್ಲೇಟ್ ಬೇಗ ಸುಟ್ಟಿತು. ಮೀಟರು 60 ತೋರಿಸುವಾಗ ನಿಜವಾದ ವೇಗ 67 ಕಿ.ಮೀ. ಬ್ರೇಕಿನ ಹಿಡಿತವೂ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ಏರಿನಲ್ಲಿ ಸೋತ ಗಾಡಿಯನ್ನು ಹೊರೆ ಇಳಿಸಿ ಮತ್ತೆ ಹತ್ತಿಸಬಹುದು. ಘಾಟಿಯ ಇಳಿಜಾರಿನಲ್ಲಿ ಸೋತ ಬ್ರೇಕಿಗೆ ಅಂಥ ಉಪಾಯವಿಲ್ಲ.

ಬ್ರೇಕಿನ ಬಗ್ಗೆ ಇನ್ನೊಂದು ಗುಟ್ಟು ಹೇಳಬೇಕು. ಅನೇಕ ಪಿಕಪ್‌ಗಳಲ್ಲಿ ಹಿಂದಿನ ಆಕ್ಸಲಿನಿಂದ ಛಾಸಿಗೆ ಒಂದು ಸಣ್ಣ ಸರಳು ಹೋಗಿ ವಾಲ್ವ್ ಒಂದಕ್ಕೆ ಸೇರಿರುತ್ತದೆ. ಹೊರೆಯಿಂದ ಗಾಡಿ ಕುಸಿದಂತೆ ಅದು ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ ಕೊಡುತ್ತದೆ. ಗಾಡಿ ಖಾಲಿಯಿದ್ದರೆ ಕಡಿಮೆ ಕೊಡುತ್ತದೆ. ಲಿಫ್ಟ್ ಹಾಕಿ ಈ ಸರಳನ್ನು ಹೊಂದಿಸದೆ ಬಿಟ್ಟರೆ ತುಂಬಿದ ಗಾಡಿಯನ್ನೂ ವಾಲ್ವ್ ಖಾಲಿಯೆಂದೇ ತಿಳಿಯುತ್ತದೆ. ನಮ್ಮ ಗಾಡಿಯಲ್ಲಿ ಹೀಗೇ ಆಗಿತ್ತು. ಅಪಘಾತವಾದ ಮೇಲೆ ಬೇರೊಬ್ಬ ಮೆಕ್ಯಾನಿಕ್ ಅದನ್ನು ತೋರಿಸಿಕೊಟ್ಟರು. ಬ್ರೇಕಿನ ರಬ್ಬರ್ ಹೋಸು ಬಿಗಿಯಾಗಿದೆಯೇ, ಪ್ರೊಪೆಲ್ಲರ್ ಷಾಫ್ಟಿನ ಕೋನ ಹೆಚ್ಚಾಗಿ ಕ್ರಾಸ್ ಸವೆಯುತ್ತಿದೆಯೇ ಎಂಬುದನ್ನೂ ನೋಡಬೇಕು. ಬ್ಲಾಕ್ ಹಾಕುವುದಿದ್ದರೆ ಹಿಂದೆ ಮಾತ್ರ. ಮುಂದಿನ ಕಮಾನಿಗೆ ಎಂದೂ ಹಾಕಬಾರದು.

ಕೆಲವರು ಎತ್ತರಕ್ಕೆಂದು ಕಮಾನಿಗೆ ಒಂದು ಪ್ಲೇಟು ಸೇರಿಸುತ್ತಾರೆ. ಅದರಿಂದ ಗಾಡಿ ಬಿಗಿಯಾಗಿ, ಖಾಲಿ ಹೋಗುವಾಗ ಕುಪ್ಪಳಿಸುತ್ತದೆ. ಹೊರುವ ಶಕ್ತಿ ಹೆಚ್ಚಿತೆಂದು ಭ್ರಮಿಸಬಾರದು. ಆಕ್ಸಲ್, ಬೇರಿಂಗ್, ಬ್ರೇಕು, ಟಯರು ಎಲ್ಲ ಹಳೆಯವೇ.

ಯಾವ ಟಯರು?

ನಮ್ಮ ತೋಟದ ದಾರಿಗಳಲ್ಲಿ ಬಹುಪಾಲು ಮೇಲೆ ನಾಲ್ಕು ಬೆರಳು ಜಾರುಮಣ್ಣು, ಕೆಳಗೆ ಗಟ್ಟಿ ನೆಲ. ಇಂಥಲ್ಲಿ ಅಗಲ ಟಯರು ಕೆಸರಿನ ಮೇಲೆ ತೇಲುತ್ತದೆ. ಕಿರಿದಾದ, ಆಳವಾದ ಹಲ್ಲಿನ ಟಯರು ಕೆಸರನ್ನು ಸೀಳಿ ಗಟ್ಟಿ ನೆಲ ಹಿಡಿಯುತ್ತದೆ. ಆದುದರಿಂದ ಅಗಲಕ್ಕಿಂತ ಹಲ್ಲು ಮುಖ್ಯ. ಡಾಂಬರು ರಸ್ತೆಯ ಟಯರು ಕೆಸರಿನಲ್ಲಿ ಜಾರುತ್ತದೆ. ಬರೀ ಕೆಸರಿಗೆಂದೇ ಮಾಡಿದ ಟಯರು ಒದ್ದೆ ಡಾಂಬರಿನಲ್ಲಿ ಹಿಡಿತ ಕೊಡದು, ಬೇಗ ಸವೆಯುತ್ತದೆ. ಎರಡಕ್ಕೂ ಆಗುವ ಎ.ಟಿ. ಮಾದರಿಯೇ ಹೆಚ್ಚಿನವರಿಗೆ ಸಾಕು.

ಕೊಳ್ಳುವಾಗ ಎರಡು ಗುರುತು ನೋಡಬೇಕು. ಅಳತೆಯ ಪಕ್ಕದ ಸಂಖ್ಯೆ ಟಯರು ಹೊರುವ ಭಾರದ ಸೂಚಿ. 100 ಎಂದರೆ 800 ಕಿಲೋ, 104 ಎಂದರೆ 900, 112 ಎಂದರೆ 1120 ಕಿಲೋ. ನೋಡಲು ದಪ್ಪಗಿರುವ ಟಯರಿನ ಸೂಚಿ ಹಳೆಯದಕ್ಕಿಂತ ಕಡಿಮೆ ಇರುವುದುಂಟು. ಹಾಗಿದ್ದರೆ ಕೊಳ್ಳಬೇಡಿ. ಎರಡನೆಯದು ತಯಾರಾದ ದಿನದ ನಾಲ್ಕು ಅಂಕಿ. 3523 ಎಂದರೆ 2023ನೇ ಇಸವಿಯ 35ನೇ ವಾರ.

ಕಾಯಿದೆಯ ಮಾತು

1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮಿನಂತೆ, ನೋಂದಣಿ ಪತ್ರದ ವಿವರಗಳು ಉತ್ಪಾದಕರು ಮೂಲದಲ್ಲಿ ನಮೂದಿಸಿದ್ದಕ್ಕಿಂತ ಬೇರೆಯಾಗುವ ಹಾಗೆ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಂತೆ, ಅನುಮತಿಯಿಲ್ಲದ ಪ್ರತಿಯೊಂದು ಬದಲಾವಣೆಗೂ ಮಾಲೀಕನಿಗೆ 5000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆ ಅಥವಾ ಎರಡೂ ಆಗಬಹುದು. ಅಪಘಾತವಾದಾಗ ವಿಮಾ ಕಂಪನಿ ಮೊದಲು ಕೇಳುವುದೂ ಇದನ್ನೇ. ಆದ್ದರಿಂದ ಏನೇ ಮಾಡುವುದಿದ್ದರೂ ಆರ್.ಟಿ.ಓ. ಕಚೇರಿಯಲ್ಲೂ ವಿಮಾ ಕಂಪನಿಯಲ್ಲೂ ಮುಂಚಿತವಾಗಿ ಬರವಣಿಗೆಯಲ್ಲಿ ಕೇಳಿಕೊಳ್ಳುವುದು ಲೇಸು.

ಅನುಸರಿಸಬೇಕಾದ ಕ್ರಮ

1. ಮೊದಲು ರಸ್ತೆ. ಕುಯ್ಲಿಗೆ ಮುಂಚೆ ನಡುವಣ ದಿಣ್ಣೆ ಕಡಿಸಿ. ಏರಿನಲ್ಲಿ ನೀರು ಗಾಲಿಜಾಡಿನಲ್ಲೇ ಹರಿಯದಂತೆ ಅಲ್ಲಲ್ಲಿ ಓರೆಯಾಗಿ ಅಡ್ಡಚರಂಡಿ ಕೊಡಿ. ಹೂಳುವ ಜಾಗಕ್ಕೆ ಕಲ್ಲು ಹಾಸಿ ಜಲ್ಲಿ ತುಂಬಿಸಿ. ಟಯರು ನಾಲ್ಕು ವರ್ಷಕ್ಕೆ ಸವೆಯುತ್ತದೆ, ಕಲ್ಲು ಸವೆಯದು.

2. ಗಾಲಿಯ ನಡುವಿನಿಂದ ಮಡ್‌ಗಾರ್ಡಿನ ಅಂಚಿಗೆ ನಾಲ್ಕೂ ಕಡೆ ಅಳೆಯಿರಿ. ಎಡಬಲದಲ್ಲಿ ವ್ಯತ್ಯಾಸವಿದ್ದರೆ, ಅಥವಾ ಅದೇ ಮಾದರಿಯ ಹೊಸ ಗಾಡಿಗಿಂತ ತಗ್ಗಿದ್ದರೆ, ಕಮಾನು ಕುಸಿದಿದೆ. ಹೊಸ ಕಮಾನು, ಹೊಸ ಷಾಕ್ ಅಬ್ಸಾರ್ಬರ್ ಹಾಕಿಸಿದರೆ ಕಳೆದುಹೋದ ಎತ್ತರ ಕಾಯಿದೆಬದ್ಧವಾಗಿಯೇ ಹಿಂದಿರುಗುತ್ತದೆ.

3. ಅದೇ ಅಳತೆಯಲ್ಲಿ ಒಳ್ಳೆಯ ಹಲ್ಲಿನ ಟಯರು ಹಾಕಿಸಿ. ಮಳೆಗಾಲಕ್ಕೆ ಒಂದು ಜೊತೆ ಚೈನು ಇಟ್ಟುಕೊಳ್ಳಿ.

4. ಇಷ್ಟಾಗಿಯೂ ಸಾಲದಿದ್ದರೆ, ತಮ್ಮ ಮಾದರಿಗೆ ಉತ್ಪಾದಕರೇ ಒಪ್ಪಿರುವ ಮೇಲಿನ ಅಳತೆಯ ಟಯರಿದೆಯೇ ಎಂದು ಕೈಪಿಡಿಯಲ್ಲಿ ನೋಡಿ. ಅಲ್ಲಿಗೆ ನಿಲ್ಲಿ.

5. ಈಗಾಗಲೇ ಎತ್ತರಿಸಿರುವವರು ಬ್ರೇಕಿನ ಸರಳು, ಹೋಸು, ಕ್ರಾಸ್ ಇವನ್ನು ಈ ವಾರವೇ ನೋಡಿಸಿ. ಹೊರೆಯನ್ನು ತಗ್ಗಾಗಿ ಪೇರಿಸಿ. ಡ್ರಮ್ಮುಗಳನ್ನು ಪೂರ್ತಿ ತುಂಬಿ ಅಥವಾ ಪೂರ್ತಿ ಖಾಲಿ ಒಯ್ಯಿರಿ.

6. ಹೊರೆಯ ಮೇಲೆ ಯಾರನ್ನೂ ಕೂರಿಸಬೇಡಿ.

ನಮ್ಮ ಪಿಕಪ್ ಈಗ ಹಳೆಯ ಎತ್ತರಕ್ಕೆ ಇಳಿದಿದೆ. ಲಿಫ್ಟು ಟಯರಿಗೆ ಸುರಿದಷ್ಟು ಹಣ ಬೇಕಾಗದೆ ಕೆರೆಯ ಕೆಳಗಿನ ತಿರುವಿಗೆ ಕಲ್ಲು ಹಾಸಿ ಮೋರಿ ಕಟ್ಟಿಸಿದೆವು. ಕಳೆದ ಎರಡು ಮಳೆಗಾಲಗಳಲ್ಲಿ ಗಾಡಿ ಅಲ್ಲಿ ಒಮ್ಮೆಯೂ ನಿಂತಿಲ್ಲ. ಕೈ ಮುರಿದುಕೊಂಡ ಆ ಹೆಣ್ಣುಮಗಳು ಈಗಲೂ ನಮ್ಮಲ್ಲೇ ಕೆಲಸಕ್ಕೆ ಬರುತ್ತಾಳೆ. ಸಂಜೆ ಗಾಡಿಯ ಹಿಂದೆ ನಡೆದೇ ಕಣಕ್ಕೆ ಬರುತ್ತಾಳೆ, ನಾವೂ ಅವಳ ಜೊತೆ ನಡೆಯುತ್ತೇವೆ.