ಜಗಳಕ್ಕೆ ಮೊದಲು ಕೇಸ್ ಶೀಟ್ ಕೇಳಿ

ನಮ್ಮ ಸೋದರತ್ತೆಗೆ ಪಿತ್ತಕೋಶದ ಕಲ್ಲಿನ ಆಪರೇಷನ್ ಆಯಿತು. ಮೂರು ದಿನದಲ್ಲಿ ಮನೆಗೆ ಬರಬೇಕಾದವರು ಇಪ್ಪತ್ತು ದಿನ ಐಸಿಯುನಲ್ಲಿ ಮಲಗಿದರು. ಬದುಕಿ ಬಂದರು, ಅದೇ ದೊಡ್ಡದು. ಕೈಗಿಟ್ಟ ಡಿಸ್ಚಾರ್ಜ್ ಸಮರಿ ಎರಡೇ ಪುಟ. ಅದರಲ್ಲಿ ‘ಸೋಂಕು ತಗುಲಿತ್ತು, ಚಿಕಿತ್ಸೆ ನೀಡಲಾಯಿತು’ ಎಂಬ ಒಂದು ಸಾಲು. ಅರ್ಜಿ ಕೊಟ್ಟು ಪೂರ್ತಿ ಕೇಸ್ ಶೀಟ್ ತರಿಸಿದರೆ ತೊಂಬತ್ತು ಪುಟ ಬಂತು. ಅದರೊಳಗೆ ಒಂದು ಕಡೆ ನರ್ಸ್ ಒಬ್ಬರ ದುಂಡನೆಯ ಅಕ್ಷರ: ರಾತ್ರಿ 2.40, ಜ್ವರ 103, ಬಿಪಿ ಇಳಿದಿದೆ, ಡ್ಯೂಟಿ ಡಾಕ್ಟರಿಗೆ ತಿಳಿಸಿದೆ. ಅದರ ಕೆಳಗೆ ಡಾಕ್ಟರು ಬರೆದದ್ದು ಬೆಳಿಗ್ಗೆ 7.15ಕ್ಕೆ. ನಡುವೆ ಏನೂ ಇಲ್ಲ.

ಐಸಿಯು ಬಾಗಿಲಲ್ಲಿ ನಾವು ಕೂಗಾಡಿದ್ದರಿಂದ ಈ ನಾಲ್ಕೂವರೆ ಗಂಟೆಯ ಸುದ್ದಿ ಹೊರಬರಲಿಲ್ಲ. ಬಂದದ್ದು ಕಾಗದದಿಂದ.

ಯಾವುದು ನಿರ್ಲಕ್ಷ್ಯ, ಯಾವುದಲ್ಲ

ರೋಗಿ ಗುಣವಾಗಲಿಲ್ಲ ಎಂದ ಮಾತ್ರಕ್ಕೆ, ತೀರಿಕೊಂಡರು ಎಂದ ಮಾತ್ರಕ್ಕೆ ಡಾಕ್ಟರದ್ದು ತಪ್ಪಾಗುವುದಿಲ್ಲ. ಅದೇ ಕಾಯಿಲೆಗೆ ಅದೇ ಪರಿಸ್ಥಿತಿಯಲ್ಲಿ ಸಾಧಾರಣ ಕೌಶಲವುಳ್ಳ ಡಾಕ್ಟರ್ ವಹಿಸುತ್ತಿದ್ದ ಎಚ್ಚರವನ್ನು ಇವರು ವಹಿಸಿದರೇ? ಸುಪ್ರೀಂ ಕೋರ್ಟ್ 2005ರ ಜೇಕಬ್ ಮ್ಯಾಥ್ಯೂ ತೀರ್ಪಿನಲ್ಲಿ ಹಿಡಿದ ಅಳತೆಗೋಲು ಇದು. ಎರಡು ಒಪ್ಪಿತ ವಿಧಾನಗಳಲ್ಲಿ ಒಂದನ್ನು ಆರಿಸಿಕೊಂಡದ್ದು ಕೈಕೊಟ್ಟರೆ ಅದು ನಿರ್ಲಕ್ಷ್ಯವಲ್ಲ. ಎಡಗಾಲಿನ ಬದಲು ಬಲಗಾಲು ಕೊಯ್ದರೆ, ಹೊಟ್ಟೆಯಲ್ಲಿ ಬಟ್ಟೆ ಬಿಟ್ಟು ಹೊಲಿದರೆ, ಅಲರ್ಜಿ ಇದೆ ಎಂದು ಬರೆಸಿದ್ದರೂ ಅದೇ ಇಂಜೆಕ್ಷನ್ ಕೊಟ್ಟರೆ, ಅದು ನಿರ್ಲಕ್ಷ್ಯವೇ.

ಒಪ್ಪಿಗೆಯದು ಬೇರೆಯೇ ಮಾತು. ಪರೀಕ್ಷೆಗೆಂದು ಅನಸ್ತೇಷಿಯಾ ಕೊಟ್ಟು ಮಲಗಿಸಿದ್ದ ಮಹಿಳೆಯೊಬ್ಬರ ಗರ್ಭಕೋಶವನ್ನು, ಹೊರಗೆ ಕೂತಿದ್ದ ತಾಯಿಯ ಒಪ್ಪಿಗೆ ಪಡೆದು ತೆಗೆದುಬಿಟ್ಟಿದ್ದರು. ಪ್ರಾಣಾಪಾಯ ಇರಲಿಲ್ಲ, ಪ್ರಜ್ಞೆ ಬರುವವರೆಗೆ ಕಾಯಬಹುದಿತ್ತು, ಆದ್ದರಿಂದ ಅದು ಒಪ್ಪಿಗೆಯೇ ಅಲ್ಲ ಎಂದು 2008ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಹಾಗಾಗಿ ಒಪ್ಪಿಗೆ ಪತ್ರದಲ್ಲಿ ಯಾವ ಆಪರೇಷನ್ ಎಂಬ ಜಾಗ ಖಾಲಿ ಇದ್ದರೆ ಸಹಿ ಹಾಕಬೇಡಿ. ‘ಎಲ್ಲರೂ ಹಾಕ್ತಾರೆ, ನೀವೂ ಹಾಕಿ’ ಎನ್ನುತ್ತಾರೆ. ತುಂಬಿಸಿ ಕೊಡಿ, ಓದಿ ಹಾಕುತ್ತೇನೆ ಅನ್ನಿ.

ಮೊದಲು ಅರ್ಜಿ

ಬಿಳಿ ಹಾಳೆಯಲ್ಲಿ ನಾಲ್ಕು ಸಾಲು ಸಾಕು. ರೋಗಿಯ ಹೆಸರು, ಐಪಿ (ಒಳರೋಗಿ) ನಂಬರ್, ಇದ್ದ ದಿನಾಂಕಗಳು, ‘ಸಂಪೂರ್ಣ ಕೇಸ್ ಶೀಟಿನ ಪ್ರತಿ ಕೊಡಿ’ ಎಂಬ ಕೋರಿಕೆ. ಬರೀ ‘ದಾಖಲೆ’ ಎಂದರೆ ಮತ್ತೆ ಅದೇ ಎರಡು ಪುಟ ಕೈಗೆ ಬರುತ್ತದೆ. ನರ್ಸ್ ನೋಟ್ಸ್, ಔಷಧ ಕೊಟ್ಟ ಚಾರ್ಟ್, ಆಪರೇಷನ್ ಮತ್ತು ಅನಸ್ತೇಷಿಯಾ ನೋಟ್ಸ್, ಒಪ್ಪಿಗೆ ಪತ್ರ, ಲ್ಯಾಬ್ ವರದಿ, ವಿವರವಾದ ಬಿಲ್ ಎಂದು ಬಿಡಿಸಿ ಬರೆಯಿರಿ. ಎರಡು ಪ್ರತಿ ಮಾಡಿ. ಒಂದನ್ನು ಮೆಡಿಕಲ್ ರೆಕಾರ್ಡ್ಸ್ ವಿಭಾಗಕ್ಕೆ (ಅಲ್ಲಿನವರ ಬಾಯಲ್ಲಿ ಎಂಆರ್‌ಡಿ) ಕೊಟ್ಟು, ಇನ್ನೊಂದರ ಮೇಲೆ ಸೀಲು, ಸಹಿ, ದಿನಾಂಕ ಹಾಕಿಸಿಕೊಳ್ಳಿ. ತೆಗೆದುಕೊಳ್ಳಲು ಒಲ್ಲೆ ಎಂದರೆ ವಾದಕ್ಕೆ ನಿಲ್ಲದೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ.

ವೈದ್ಯರ ವೃತ್ತಿ ನಡವಳಿಕೆಯ 2002ರ ನಿಯಮಗಳ ಪ್ರಕಾರ, ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕು. ಒಳರೋಗಿಯ ದಾಖಲೆಯನ್ನು ಚಿಕಿತ್ಸೆ ಶುರುವಾದ ದಿನದಿಂದ 3 ವರ್ಷ ಇಟ್ಟಿರಲೇಬೇಕು. ಸರ್ಕಾರಿ ಆಸ್ಪತ್ರೆಯಾದರೆ ಮಾಹಿತಿ ಹಕ್ಕಿನ ಅರ್ಜಿಯ ದಾರಿಯೂ ಇದೆ. ಬಿಲ್ ಬಾಕಿ ಎಂದು ಶವ ಕೊಡದೆ ಸತಾಯಿಸಿದರೆ, ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ 2017ರಲ್ಲಿ ಮಾಡಿದ ತಿದ್ದುಪಡಿ ನಿಮ್ಮ ಪರ ಇದೆ. ಸಾವಿನ ಕಾರಣದಲ್ಲೇ ಅನುಮಾನವಿದ್ದರೆ ಅಂತ್ಯಸಂಸ್ಕಾರಕ್ಕೆ ಮುಂಚೆಯೇ ಪೊಲೀಸರಿಗೆ ಲಿಖಿತವಾಗಿ ತಿಳಿಸಿ ಪೋಸ್ಟ್‌ಮಾರ್ಟಂ ಕೇಳಿ. ಆ ಹೊತ್ತಿನಲ್ಲಿ ಇದನ್ನು ಹೇಳುವುದು ಎಷ್ಟು ಕಷ್ಟ ಎಂದು ಗೊತ್ತು. ಆದರೆ ಮಾರನೇ ದಿನ ಹೇಳಿ ಪ್ರಯೋಜನವಿಲ್ಲ.

ಇನ್ನೊಬ್ಬ ಡಾಕ್ಟರ ಮೇಜಿನ ಮೇಲೆ

ಕಡತ ಕೈಗೆ ಬಂದ ಮೇಲೆ ವಕೀಲರಿಗಿಂತ ಮೊದಲು ಡಾಕ್ಟರನ್ನು ಕಾಣಿ. ಅದೇ ವಿಭಾಗದ ತಜ್ಞರಾಗಿರಲಿ, ಸಾಧ್ಯವಾದರೆ ಬೇರೆ ಊರಿನವರಿರಲಿ. ‘ಇವರದ್ದು ತಪ್ಪಲ್ವಾ?’ ಎಂದು ಕೇಳಿದರೆ ಯಾರೂ ಬಾಯಿ ಬಿಡುವುದಿಲ್ಲ. ‘ಈ ಜಾಗದಲ್ಲಿ ನೀವಿದ್ದಿದ್ದರೆ ಏನು ಮಾಡುತ್ತಿದ್ದಿರಿ?’ ಎಂದು ಕೇಳಿ ನೋಡಿ. ನಮಗೆ ಸಿಕ್ಕ ಡಾಕ್ಟರು ಆ 2.40ರ ಸಾಲಿನ ಮೇಲೆ ಪೆನ್ನಿಟ್ಟು ಸುಮ್ಮನೆ ಕೂತರು. ಆಮೇಲೆ, ‘ನಾನು ಎದ್ದು ಬರ್ತಿದ್ದೆ’ ಅಂದರು.

ಕಡತ ನೋಡಿದ ತಜ್ಞರು ತಪ್ಪಿಲ್ಲ ಎಂದರೆ ಅದನ್ನೂ ಒಪ್ಪಿಕೊಳ್ಳಬೇಕಾಗುತ್ತದೆ.

ಎಲ್ಲಿಗೆ ಹೋಗಬೇಕು

ಪರಿಹಾರದ ಹಣ ಬೇಕಿದ್ದರೆ ಗ್ರಾಹಕರ ಆಯೋಗ. ದುಡ್ಡು ಕೊಟ್ಟು ಪಡೆದ ಚಿಕಿತ್ಸೆ ಗ್ರಾಹಕ ಕಾಯ್ದೆಯೊಳಗೆ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ವಿಮೆಯವರು ಬಿಲ್ ಕಟ್ಟಿದ್ದರೂ ಸರಿ, ಹಣ ಪಡೆಯುವ ಆಸ್ಪತ್ರೆಯಲ್ಲಿ ನಿಮಗೊಬ್ಬರಿಗೆ ಉಚಿತವಾಗಿ ನೋಡಿದ್ದರೂ ಸರಿ. ಎಲ್ಲರಿಗೂ ಪೂರ್ತಿ ಉಚಿತವಾಗಿರುವ ಆಸ್ಪತ್ರೆ ಮಾತ್ರ ಹೊರಗೆ. 2019ರ ಕಾಯ್ದೆ ಬಂದ ಮೇಲೆ ಬೆಂಗಳೂರಿನಲ್ಲಿ ಚಿಕಿತ್ಸೆ ಪಡೆದ ರಾಯಚೂರಿನವರು ರಾಯಚೂರಿನಲ್ಲೇ ದೂರು ಹಾಕಬಹುದು. ಯಾವ ಆಯೋಗ ಎಂಬುದು ನೀವು ಕೇಳುವ ಪರಿಹಾರದ ಮೇಲಲ್ಲ, ಕಟ್ಟಿದ ಬಿಲ್ಲಿನ ಮೇಲೆ ನಿಂತಿದೆ. 50 ಲಕ್ಷದವರೆಗೆ ಜಿಲ್ಲಾ ಆಯೋಗ, ಬಿಲ್ಲು 5 ಲಕ್ಷ ಮೀರದಿದ್ದರೆ ಶುಲ್ಕವೇ ಇಲ್ಲ. ವಕೀಲರು ಕಡ್ಡಾಯವಲ್ಲ, ಆದರೆ ಇಂಥ ಕೇಸಿಗೆ ಇರುವುದು ಒಳ್ಳೆಯದು. ಮಹಿಳೆಯರು, ಪರಿಶಿಷ್ಟ ಜಾತಿ, ಪಂಗಡದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಆದಾಯ ಎಷ್ಟೇ ಇದ್ದರೂ ಉಚಿತ ನೆರವು ಕೇಳಬಹುದು. ದೂರು ಹಾಕಲು ಗಡುವು 2 ವರ್ಷ.

ಡಾಕ್ಟರ ಮೇಲೆ ಶಿಸ್ತುಕ್ರಮ ಬೇಕಿದ್ದರೆ ಕರ್ನಾಟಕ ವೈದ್ಯಕೀಯ ಪರಿಷತ್ತು. ನೋಂದಣಿ ಅಮಾನತು ಮಾಡುವ ಅಧಿಕಾರ ಅದಕ್ಕಿದೆ, ಪರಿಹಾರ ಕೊಡಿಸುವ ಅಧಿಕಾರವಿಲ್ಲ. ದರಪಟ್ಟಿ, ಸೌಲಭ್ಯ, ಆಸ್ಪತ್ರೆಯ ನಡವಳಿಕೆಯ ತಕರಾರಾದರೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರ.

ಪೊಲೀಸ್ ಠಾಣೆ ಕೊನೆಯ ಮಾತು. ನಿರ್ಲಕ್ಷ್ಯದಿಂದ ಸಾವಾದರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಡಿ ವೈದ್ಯರಿಗೆ 2 ವರ್ಷದವರೆಗೆ ಶಿಕ್ಷೆಯಿದೆ. ಆದರೆ ಅದು ಸಾಬೀತಾಗಲು ಘೋರ ನಿರ್ಲಕ್ಷ್ಯವೇ ಬೇಕು, ಸ್ವತಂತ್ರ ವೈದ್ಯರ ಅಭಿಪ್ರಾಯ ಪಡೆದೇ ಪೊಲೀಸರು ಮುಂದುವರಿಯಬೇಕು. ಆಸ್ಪತ್ರೆಯ ಗಾಜು ಒಡೆದವರ ಮೇಲೆ ಕೇಸು ದಾಖಲಾಗಲು ಇಷ್ಟು ಹೊತ್ತು ಬೇಕಿಲ್ಲ.

ಗ್ರಾಹಕರ ದೂರನ್ನು 3ರಿಂದ 5 ತಿಂಗಳಲ್ಲಿ ಮುಗಿಸಬೇಕು ಎಂದು ಕಾಯ್ದೆ ಹೇಳುತ್ತದೆ. ನಮ್ಮದು ನಾಲ್ಕನೇ ವರ್ಷ. ಮೊನ್ನೆ ವಕೀಲರು ಆಸ್ಪತ್ರೆಗೆ ದಾಖಲಾದ ದಿನದ ಈಸಿಜಿ ಕೇಳಿದರು. ಅತ್ತೆ ಬೀರುವಿನಿಂದ ತೆಗೆದುಕೊಟ್ಟ ಕಾಗದದಲ್ಲಿ ಗೆರೆಯೆಲ್ಲ ಅಳಿಸಿಹೋಗಿ ನಸುಗೆಂಪು ಚೌಕಗಳಷ್ಟೇ ಉಳಿದಿದ್ದವು. ಬಸ್ ಟಿಕೆಟಿನ ಹಾಗೆ ಅದೂ ಬಿಸಿಗೆ ಮೂಡುವ ಅಚ್ಚು, ಇಟ್ಟಲ್ಲೇ ಮಾಸುತ್ತದೆ. ಈಸಿಜಿಯನ್ನೂ ಮೆಡಿಕಲ್ ಶಾಪಿನ ಬಿಲ್ಲುಗಳನ್ನೂ ಈ ವಾರವೇ ಜೆರಾಕ್ಸ್ ಮಾಡಿಸಿಡಿ.