ವೈಜ್ಞಾನಿಕ ಕಥಾಸಾಹಿತ್ಯ ಮತ್ತು ಬೆಂಗಳೂರು

ವಿಜ್ಞಾನದ ತತ್ತ್ವಗಳನ್ನು ಆಧಾರವಾಗಿರಿಸಿಕೊಂಡು ಅಂತರಿಕ್ಷವನ್ನೂ ಭವಿಷ್ಯತ್ಕಾಲವನ್ನೂ ಕಲ್ಪಿಸುವ ಕಥಾಪ್ರಕಾರಕ್ಕೆ, ಜಗದೀಶಚಂದ್ರ ಬೋಸರು 1896ರಲ್ಲಿ ಬರೆದ ಬಂಗಾಳಿ ಕಥೆಯು ಭಾರತದ ಆದ್ಯ ನಿದರ್ಶನಗಳಲ್ಲೊಂದಾದರೆ, ಕನ್ನಡದಲ್ಲಿ ಅದನ್ನು ಪೋಷಿಸಿ ಬೆಳೆಸಿದವರಲ್ಲಿ ರಾಜಶೇಖರ ಭೂಸನೂರಮಠರು ಅಗ್ರಗಣ್ಯರು.

ದಕ್ಷಿಣ ಬೆಂಗಳೂರಿನ ಬನಶಂಕರಿ 2ನೇ ಹಂತದಲ್ಲಿ ನೆಲೆಸಿರುವ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು, ಈ ಪ್ರಕಾರಕ್ಕೆ ಅವಶ್ಯವಾದ ವೈಜ್ಞಾನಿಕ ಮನೋಭಾವವನ್ನು ‘ಬಾಲವಿಜ್ಞಾನ’ ಮಾಸಪತ್ರಿಕೆಯ ಮೂಲಕ ಎಳೆಯರಲ್ಲಿ ಬೆಳೆಸುತ್ತ ಬಂದಿದೆ.

ಲಾವಣ್ಯ ಲಕ್ಷ್ಮೀನಾರಾಯಣ್ ಅವರ ‘ಅನಲಾಗ್/ವರ್ಚುವಲ್’ (2020) ಎಂಬ ಇಂಗ್ಲಿಷ್ ಕೃತಿಯ ಪರಸ್ಪರ ಸಂಬದ್ಧವಾದ ಕಥೆಗಳಲ್ಲಿ, ‘ಅಪೆಕ್ಸ್ ಸಿಟಿ’ ಎಂಬ ನಾಮಾಂತರ ಹೊಂದಿದ ಭಾವೀ ಬೆಂಗಳೂರು ತನ್ನ ಪ್ರಜೆಗಳನ್ನು ಉತ್ಪಾದಕತೆಯ ಮಾನದಿಂದ ಅಳೆದು ಶೇ. 20, 70, 10ರ ಮೂರು ಶ್ರೇಣಿಗಳಾಗಿ ವಿಭಜಿಸುತ್ತದೆ.

ಅಭ್ಯರ್ಥಿಗಳು ಲೇಖಕ, ಕೃತಿ, ವರ್ಷಗಳನ್ನು ಜೊತೆಗೂಡಿಸಿ ಮನನ ಮಾಡತಕ್ಕದ್ದು.